ರೊಟ್ಟಿ ಬಡಿಯೋ ಕೈಗಳು

ಈಗಷ್ಟೇ ಅಂಗಡಿಯಲ್ಲಿ ‘ಕಲಬುರಗಿ ರೊಟ್ಟಿ’ ಪ್ಯಾಕೆಟ್ ಕಂಡೆ. ಎಳ್ಳು ಹಚ್ಚಿದ ಖಡಕ್ ಜೋಳದ ರೊಟ್ಟಿ, ಅಂಚು ಎಲ್ಲೂ ಒಡೆದಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬಿಸಿನೀರಲ್ಲಿ ಹಿಟ್ಟು ನಾದಿ, ಉಂಡೆಯನ್ನು ತಟ್ಟಿ ತಟ್ಟಿ ಕಾಗದದಷ್ಟು ತೆಳ್ಳಗೆ ಮಾಡೋದು ಚಿಕ್ಕಂದಿನಿಂದ ಬಂದ ವಿದ್ಯೆ. ಇಲ್ಲದಿದ್ದದ್ದು ಬಂಡವಾಳ, ಪ್ಯಾಕಿಂಗ್, ಕೊಳ್ಳುವವರು. ಜಿಲ್ಲಾಡಳಿತ ಸ್ವಸಹಾಯ ಸಂಘಗಳ ಬೆನ್ನಿಗೆ ನಿಂತ ಮೇಲೆ ಅದೇ ರೊಟ್ಟಿ ಬ್ರ್ಯಾಂಡ್ ಆಯಿತು. 2025ರ ಜೂನ್‌ನಲ್ಲಿ ಪ್ರಧಾನಿಯ ‘ಮನ್ ಕಿ ಬಾತ್’ನಲ್ಲೂ ಅದರ ಮಾತು ಬಂತು.

ಇಲ್ಲಿನ ಹೊಲದ ಬೆಳೆಗೂ ಹೆಸರಿದೆ: ಕಲಬುರಗಿ ತೊಗರಿಗೆ 2019ರಲ್ಲೇ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಸಿಕ್ಕಿದೆ. ಆದರೂ ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತೆ, ಜನ ಪುಣೆ, ಮುಂಬೈಗೆ ಗುಳೆ ಹೋಗ್ತಾರೆ. ಹೊಲ ಕೈಬಿಟ್ಟಾಗಲೂ ಒಲೆಯ ಮುಂದೆ ದುಡಿಮೆ ಇದ್ದರೆ ಮಕ್ಕಳ ಶಾಲೆಯಾದರೂ ತಪ್ಪಲ್ಲ.

ಯಾವ ಊರಿಗೇ ಆಗಲಿ, ಹೊಸ ತರಬೇತಿ ಒಯ್ಯುವ ಮೊದಲು ಅಲ್ಲಿನ ಕೈಗಳಿಗೆ ಏನು ಗೊತ್ತಿದೆ ಅಂತ ಕೇಳಬೇಕು. ದೊಡ್ಡ ಕೊರತೆ ಬಹಳ ಸಲ ಮಾರುಕಟ್ಟೆಯದ್ದೇ.

ನಿಮ್ಮೂರಲ್ಲಿ ಕೊಳ್ಳುವವರಿಗಾಗಿ ಕಾಯುತ್ತಿರುವ ವಿದ್ಯೆ ಯಾವುದು? ಕಾಮೆಂಟ್‌ನಲ್ಲಿ ಬರೀರಿ.