ಹೊರನಾಡಿನ ವಿದ್ಯೆಗೆ ಅರ್ಜಿ

ಹಿಂದೆ ಸಮುದ್ರ ದಾಟಿ ಓದಲು ಹೋಗುತ್ತಿದ್ದವರ ಉದ್ದೇಶವನ್ನು ಊರಿಗೆ ತಿಳಿಸುವುದು ಸುಲಭವಾಗಿತ್ತು. ಒಬ್ಬನು ಬ್ಯಾರಿಸ್ಟರಾಗಿ ಬರುವನೆಂದರೆ, ಮತ್ತೊಬ್ಬನು ವೈದ್ಯನೋ ಇಂಜಿನಿಯರೋ ಆಗುವನೆಂದರೆ, ಒಲೆಯ ಮುಂದೆ ಕುಳಿತ ಅಜ್ಜಿಗೂ ಅರ್ಥವಾಗುತ್ತಿತ್ತು. ಈಗ ತುಮಕೂರಿನ ಕಾಲೇಜುಗಳಲ್ಲಿ ಓದಿದ ತರುಣ ತರುಣಿಯರಲ್ಲಿ ಯಾರಾದರೊಬ್ಬರು ‘ಅಂತರರಾಷ್ಟ್ರೀಯ ವ್ಯವಹಾರ’ವನ್ನು ಓದುವುದಕ್ಕಾಗಿ ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆಯಲು ಕುಳಿತರೆ, ಮನೆಯವರು ಕೇಳುವ ಮೊದಲ ಮಾತು, “ಅದೆಂಥ ವಿದ್ಯೆ?” ಎಂಬುದು. ಪ್ರಶ್ನೆ ನ್ಯಾಯವಾದುದೇ. ಉತ್ತರ ಹೇಳಲಾರದವರು ಅರ್ಜಿಯನ್ನೂ ಬರೆಯಲಾರರು.

ಈ ವಿದ್ಯೆ ಯುದ್ಧದ ಬೂದಿಯಿಂದ ಎದ್ದುದು. ಒಂದನೆಯ ಮಹಾಯುದ್ಧ 1918ರಲ್ಲಿ ಮುಗಿಯಿತು. ಮರುವರ್ಷವೇ ವೇಲ್ಸಿನ ಆಬರಿಸ್ಟ್ವಿತ್‌ನಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆಂದು ಒಂದು ಅಧ್ಯಾಪಕಪೀಠವೂ, ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ವಿದೇಶಾಂಗ ಸೇವೆಯ ಶಾಲೆಯೂ ಸ್ಥಾಪಿತವಾದವು. 1927ರಲ್ಲಿ ರಾಷ್ಟ್ರಸಂಘದ ನೆರಳಿನಲ್ಲಿ ಜಿನೀವಾದ ಸಂಸ್ಥೆಯೂ, 1933ರಲ್ಲಿ ಅಮೆರಿಕದ ಫ್ಲೆಚರ್ ಶಾಲೆಯೂ ಹುಟ್ಟಿದವು. ರಾಜ್ಯಗಳು ಒಂದರೊಡನೊಂದು ಏಕೆ ಕಾದುತ್ತವೆ, ಹೇಗೆ ಒಪ್ಪಂದಕ್ಕೆ ಬರುತ್ತವೆ, ಒಪ್ಪಿದ ಮಾತನ್ನು ಏಕೆ ಮುರಿಯುತ್ತವೆ ಎಂಬುದರ ವಿಚಾರಣೆಯೇ ಈ ಶಾಲೆಗಳ ಕೆಲಸ.

ಹೀಗೆ ಹೇಳಿದಾಗ ಅದು ಬಹು ದೂರದ ಸಂಗತಿಯೆಂದು ತೋರಬಹುದು. ಆದರೆ ಗುಬ್ಬಿ ತಾಲ್ಲೂಕಿನ ತೆಂಗಿನ ತೋಟದ ರೈತನು ಎಣ್ಣೆಯ ಧಾರಣೆಯನ್ನು ವಿಚಾರಿಸುವಾಗಲೇ ಅವನು ಆ ಶಾಸ್ತ್ರದ ಹೊಸ್ತಿಲಲ್ಲಿರುತ್ತಾನೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ದೇಶವು ತಾಳೆ ಎಣ್ಣೆಯ ರಫ್ತನ್ನು ತಡೆದು, ಮೇ ತಿಂಗಳಲ್ಲಿ ಬಿಟ್ಟುಕೊಟ್ಟಿತು. ಆ ಕೆಲವು ವಾರಗಳು ಭಾರತದ ಅಡಿಗೆಮನೆಗಳನ್ನೆಲ್ಲ ಚಿಂತೆಗೆ ಗುರಿಮಾಡಿದವು. ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಪ್ರಾರಂಭವಾಯಿತು. ಆ ಸಂಸ್ಥೆಯ ಲಘು ಹೆಲಿಕಾಪ್ಟರಿನ ಇಂಜಿನ್ನು ಫ್ರಾನ್ಸಿನ ಸಂಸ್ಥೆಯೊಡನೆ ಕೂಡಿ ರೂಪಿಸಿದುದು. ಕುಣಿಗಲಿನಲ್ಲಿ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಸಾಕಣೆಯ ತಾಣಕ್ಕೆ ಪರದೇಶದ ಬೀಜದ ಕುದುರೆಗಳು ಬಂದು ಸೇರಿದುವು. ಜಗತ್ತು ಇಲ್ಲಿಗೆ ಬಂದು ಬಹುಕಾಲವಾಯಿತು.

ಇವೆಲ್ಲಕ್ಕಿಂತ ಹತ್ತಿರದ ಪಾಠ ನೀರಿನದು. ಗೊರೂರಿನಿಂದ ನಾಲೆಯಲ್ಲಿ ಹರಿದು ಬರುವ ಹೇಮಾವತಿಯು ಕಾವೇರಿಯ ಉಪನದಿಯಾದುದರಿಂದ, 2007ರ ನ್ಯಾಯಮಂಡಲಿಯ ತೀರ್ಪೂ 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ಅದರ ಪಾಲನ್ನು ಮುಟ್ಟುತ್ತವೆ. ಅದೇ ನೀರನ್ನು ಕುಣಿಗಲಿನ ಕಡೆಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಕಾಲುವೆಯ ವಿಚಾರದಲ್ಲಿ 2024ರಲ್ಲಿಯೂ 2025ರಲ್ಲಿಯೂ ಗುಬ್ಬಿ ತಾಲ್ಲೂಕಿನಲ್ಲಿ ಪ್ರತಿಭಟನೆಗಳಾದವು. ಕೊನೆಯಲ್ಲಿರುವ ಕುಣಿಗಲಿಗೆ ತನ್ನ ಪಾಲು ತಲುಪಿಲ್ಲವೆಂಬ ಕೊರಗು. ನಡುವಿನಲ್ಲಿರುವ ಗುಬ್ಬಿಗೆ ಇರುವುದೂ ಹೋದೀತೆಂಬ ಭಯ. ಎರಡೂ ಕಡೆ ಬೀಗರು, ನೆಂಟರು. ನೈಲ್ ನದಿಯ ವಿಚಾರದಲ್ಲಿ ಈಜಿಪ್ಟಿಗೂ ಇಥಿಯೋಪಿಯಕ್ಕೂ ಇರುವ ತಕರಾರನ್ನು ಓದಿದಾಗ ಈ ತಾಲ್ಲೂಕುಗಳವರಿಗೆ ಅದು ಅಪರಿಚಿತವೆನಿಸಲಾರದು.

ಗುಬ್ಬಿಯ ಕಡೆಯ ಒಬ್ಬ ಹುಡುಗಿ ಇಂಥ ಅರ್ಜಿಯನ್ನು ಬರೆಯುವಳೆಂದು ಭಾವಿಸಿದರೆ, ಅವಳಿಗೆ ಎದುರಾಗುವ ಮೊದಲ ಕಷ್ಟ ‘ಉದ್ದೇಶದ ನಿವೇದನೆ’. ತನ್ನನ್ನು ತಾನೇ ಹೊಗಳಿಕೊಳ್ಳುವುದು ಅವಿವೇಕವೆಂದು ಹೇಳಿಸಿಕೊಂಡು ಬೆಳೆದವಳಿಗೆ, ತನ್ನ ಕುರಿತು ಎರಡು ಪುಟ ಬರೆಯುವುದು ಸಂಕೋಚದ ಕೆಲಸ. ಆ ಸಂಕೋಚವನ್ನು ಮುಚ್ಚಲು ಅವಳು ವಿಶ್ವಶಾಂತಿ, ಮಾನವಕುಲದ ಏಳಿಗೆ ಮುಂತಾದ ದೊಡ್ಡ ಮಾತುಗಳನ್ನು ಪೇರಿಸುತ್ತಾಳೆ. ಓದುವವರಿಗೆ ಅಂಥ ಪತ್ರಗಳು ರಾಶಿರಾಶಿಯಾಗಿ ಬರುತ್ತವೆ; ಅವುಗಳಲ್ಲಿ ಬರೆದವರ ಮುಖ ಕಾಣುವುದಿಲ್ಲ. ಕಾಲುವೆಯ ಜಗಳದಲ್ಲಿ ತನ್ನ ದೊಡ್ಡಪ್ಪ ಒಂದು ಮಾತು ಹೇಳಿದುದನ್ನೂ, ಕುಣಿಗಲಿಗೆ ಕೊಟ್ಟ ಅತ್ತೆ ಅದಕ್ಕೆ ಎದುರು ಮಾತು ಹೇಳಿದುದನ್ನೂ, ಇಬ್ಬರೂ ಸುಳ್ಳು ಹೇಳಲಿಲ್ಲವೆಂದು ತನಗೆ ತೋರಿದುದನ್ನೂ ಅವಳು ಸರಳವಾಗಿ ಬರೆದರೆ, ಅದು ಬೇರೆಯವರಾರೂ ಬರೆಯಲಾಗದ ಪತ್ರವಾಗುತ್ತದೆ. ಅದು ಆತ್ಮಪ್ರಶಂಸೆಯಲ್ಲ, ಸಾಕ್ಷ್ಯ.

ಎರಡನೆಯ ಕಷ್ಟ ಗುರುಗಳ ಪತ್ರ. ಇಲ್ಲಿ ಕಾಲೇಜುಗಳು ಕೊಡುವುದು ನಡತೆಯ ಪತ್ರ: ವಿದ್ಯಾರ್ಥಿನಿಯು ಸುಶೀಲೆ, ವಿಧೇಯಳು, ಶ್ರಮಶೀಲೆ ಎಂದು. ಹೊರಗಿನವರು ಕೇಳುವುದು ಬೇರೆ. ಅವಳು ಯಾವ ಪ್ರಶ್ನೆಯನ್ನು ಕೇಳಿದಳು, ಯಾವ ಪ್ರಬಂಧದಲ್ಲಿ ಗುರುಗಳ ಮಾತನ್ನೇ ಒಪ್ಪದೆ ವಾದಿಸಿದಳು ಎಂಬುದು ಅವರಿಗೆ ಬೇಕು. ವಿಧೇಯತೆಯೊಂದನ್ನೇ ಹೊಗಳಿದ ಪತ್ರ ಅಲ್ಲಿ ಉಪಕಾರವಾಗುವುದಿಲ್ಲ. ಆದುದರಿಂದ ಗುರುಗಳ ಬಳಿಗೆ ಕೊನೆಯ ವಾರದಲ್ಲಿ ಓಡದೆ, ಎರಡು ತಿಂಗಳು ಮುಂಚೆಯೇ ತನ್ನ ಹಳೆಯ ಬರೆಹಗಳೊಡನೆ ಹೋಗಿ ಕುಳಿತು ಮಾತನಾಡುವುದು ಲೇಸು.

ವರ್ಷಗಳ ಲೆಕ್ಕವೂ ಒಂದಿದೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷಗಳ ಪದವಿಯ ಕ್ರಮ ಬಂದು, 2024ರಲ್ಲಿ ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಮರಳಲಾಯಿತು. ಇಂಗ್ಲೆಂಡಿನವರು ಮೂರು ವರ್ಷದ ಪದವಿಯನ್ನು ಒಪ್ಪುತ್ತಾರೆ. ಅಮೆರಿಕದ ಶಾಲೆಗಳಲ್ಲಿ ಕೆಲವು ಒಪ್ಪುತ್ತವೆ, ಕೆಲವು ನಾಲ್ಕನೆಯ ವರ್ಷವನ್ನು ಕೇಳುತ್ತವೆ. ಶುಲ್ಕ ಕಟ್ಟುವ ಮುನ್ನ ಇದನ್ನು ಪತ್ರ ಬರೆದು ವಿಚಾರಿಸಿಕೊಂಡವರಿಗೆ ನಷ್ಟವಿಲ್ಲ.

ಇನ್ನು ಹಣ. ಬ್ಯಾಂಕುಗಳ ಸಾಮಾನ್ಯ ಕ್ರಮದಲ್ಲಿ ಏಳೂವರೆ ಲಕ್ಷಕ್ಕೆ ಮೀರಿದ ವಿದ್ಯಾಸಾಲಕ್ಕೆ ಆಸ್ತಿಯ ಆಧಾರ ಬೇಕು. ಆದರೆ ಅನೇಕ ಬ್ಯಾಂಕುಗಳು ಕೃಷಿಭೂಮಿಯನ್ನು ಆಧಾರವಾಗಿ ಒಪ್ಪುವುದಿಲ್ಲ. ಮೂರು ತಲೆಮಾರು ಅನ್ನವಿಟ್ಟ ತೋಟಕ್ಕೆ ಅಲ್ಲಿ ಬೆಲೆಯಿಲ್ಲ. ತುಮಕೂರಿನಲ್ಲಿ ಕೊಂಡಿಟ್ಟ ಮೂವತ್ತು ನಲವತ್ತರ ನಿವೇಶನಕ್ಕೆ ಬೆಲೆಯುಂಟು. ಆ ನಿವೇಶನವನ್ನು ಮಗನ ಮನೆಗೋ ಮಗಳ ಮದುವೆಗೋ ಎಂದು ಹಿಂದೆಯೇ ಗೊತ್ತುಮಾಡಿರುತ್ತಾರೆ. “ಓದ್ಕೊಂಡ್ ಬಂದ್ಮೇಲೆ ಏನಾಗ್ತೀಯವ್ವ?” ಎಂದು ತಂದೆ ಕೇಳುವುದು ಈ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು. ಅದು ಅವಿಶ್ವಾಸವಲ್ಲ, ಲೆಕ್ಕ. “ಗೊತ್ತಿಲ್ಲಪ್ಪ, ಆದ್ರೆ ಸಾಲ ತೀರಿಸೋ ದಾರಿ ಯೋಚಿಸಿದೀನಿ” ಎಂಬ ಉತ್ತರವು, ರಾಯಭಾರಿಯಾಗುತ್ತೇನೆಂಬ ಉತ್ತರಕ್ಕಿಂತ ಪ್ರಾಮಾಣಿಕವಾದುದು.

ಏಕೆಂದರೆ ರಾಯಭಾರಿಯಾಗಲು ಈ ಪದವಿ ಬೇಕಾಗಿಯೇ ಇಲ್ಲ. ಭಾರತೀಯ ವಿದೇಶಾಂಗ ಸೇವೆಯ ಪರೀಕ್ಷೆಗೆ ಈ ದೇಶದ ಯಾವ ಪದವಿಯಾದರೂ ಸಾಕು. ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು ಮದರಾಸಿನಲ್ಲಿ ಓದಿ 1949ರಲ್ಲಿ ಆ ಸೇವೆಯನ್ನು ಸೇರಿದ ಮೊದಲ ಮಹಿಳೆ. ಮದುವೆಯಾದರೆ ಕೆಲಸ ಬಿಡಬೇಕಾದೀತೆಂಬ ನಿಯಮವಿದ್ದ ಆ ಸೇವೆಯಲ್ಲಿ ಅವರು ಹಂಗರಿಯವರೆಗೂ ಘಾನಾದವರೆಗೂ ರಾಯಭಾರಿಯಾಗಿ ಹೋದರು. 1979ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ ಆ ಬಗೆಯ ನಿಯಮಗಳ ಅನ್ಯಾಯವನ್ನು ತೋರಿಸಿದರು. ಮನೆಯ ಹತ್ತಿರದ ದಾರಿಯನ್ನೇ ಹಿಡಿಯುವೆನೆನ್ನುವವರಿಗೆ ದೆಹಲಿಯಲ್ಲಿ 1955ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಅಧ್ಯಯನಶಾಲೆಯು, 1970ರಿಂದ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂಗವಾಗಿ, ಅತ್ಯಲ್ಪ ಶುಲ್ಕದಲ್ಲಿ ಈ ವಿದ್ಯೆಯನ್ನೇ ಕಲಿಸುತ್ತದೆ. ಇತ್ತ ಮಂಗಳೂರಿನ ಬಿ. ಎನ್. ರಾಯರು ಕೇಂಬ್ರಿಜ್‌ನಲ್ಲಿ ಓದಿ ಬಂದವರು. ರಾಜ್ಯಾಂಗ ರಚನೆಗೆ ಸಲಹೆಗಾರರಾಗಿದ್ದ ಅವರು, 1950ರ ಜೂನ್ ತಿಂಗಳಲ್ಲಿ ಕೊರಿಯದ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದರು. ಎರಡು ದಾರಿಗಳೂ ದಾರಿಗಳೇ.

ಆದರೂ ಹೋಗಬೇಕೆಂಬವರಿಗೆ ಸಾಲವೊಂದೇ ಗತಿಯಲ್ಲ. 1892ರಲ್ಲಿ ಸ್ಥಾಪಿತವಾದ ಜೆ. ಎನ್. ಟಾಟಾ ನಿಧಿಯು ಸಾಲರೂಪದ ವೇತನವನ್ನು ಕೊಡುತ್ತದೆ. ಬ್ರಿಟನ್ನಿನ ಚೀವ್ನಿಂಗ್ ವೇತನಕ್ಕೆ ಎರಡು ವರ್ಷಗಳಷ್ಟು ಕೆಲಸದ ಅನುಭವ ಬೇಕು. ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರುವ ಕರಾರೂ ಉಂಟು. ಪರಿಶಿಷ್ಟ ಜಾತಿಯವರಿಗೂ ಭೂರಹಿತ ಕೂಲಿಗಾರರ ಮಕ್ಕಳಿಗೂ ಕೇಂದ್ರ ಸರ್ಕಾರದ ಸಾಗರೋತ್ತರ ವೇತನವಿದೆ. 2022ರ ನಿಯಮಗಳಲ್ಲಿ ಅದರ ಸಂಖ್ಯೆ 125, ಮನೆಯ ವರಮಾನದ ಮಿತಿ ವರ್ಷಕ್ಕೆ 8 ಲಕ್ಷ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲಿನಲ್ಲಿ ಬೋಧನಶುಲ್ಕವೇ ಇಲ್ಲ. ಊಟ ವಸತಿಯ ಹಣವನ್ನು ಮಾತ್ರ ಮೊದಲೇ ತೋರಿಸಬೇಕು. ಕೆಲಸದ ಅನುಭವವನ್ನು ಕೇಳುವ ನಿಯಮವು ಮೊದಲ ನೋಟಕ್ಕೆ ಅಡ್ಡಿಯೆಂದು ಕಂಡರೂ, ಬಡ ಮನೆಗೆ ಅದರಿಂದ ಒಂದು ಅನುಕೂಲವಿದೆ: ಎರಡು ವರ್ಷ ದುಡಿದು, ತನಗೆ ನಿಜವಾಗಿ ಬೇಕಾದುದೇನೆಂದು ತಿಳಿದು, ನಿವೇಶನದ ಪತ್ರವನ್ನು ಪೆಟ್ಟಿಗೆಯಲ್ಲಿಯೇ ಉಳಿಸಿ ಹೋಗಬಹುದು.

ಮನೆಯವರು ತೂಗಿ ನೋಡಬೇಕಾದುದು ಇಷ್ಟನ್ನು: ಹುಡುಗಿಯು ಹೋಗುವುದು ಊರನ್ನು ಬಿಡುವುದಕ್ಕೋ, ಊರಿನ ಪ್ರಶ್ನೆಯನ್ನು ದೊಡ್ಡ ಶಾಲೆಯಲ್ಲಿಟ್ಟು ಉತ್ತರ ಹುಡುಕುವುದಕ್ಕೋ? ಮೊದಲನೆಯದಾದರೆ ಅಷ್ಟು ಹಣಕ್ಕೆ ಅಷ್ಟು ಫಲವಿಲ್ಲ. ಎರಡನೆಯದಾದರೆ, ಅವಳು ಯಾವ ನಗರದಲ್ಲಿ ನೆಲಸಿದರೂ ನಾಲೆಯ ಎರಡು ದಡಗಳ ಮಾತನ್ನೂ ಕೇಳಬಲ್ಲ ಒಂದು ಕಿವಿ ಈ ಜಿಲ್ಲೆಗೆ ದೊರೆತಂತಾಯಿತು. ಅಂಥ ಕಿವಿಗಳು ಹೆಚ್ಚಿಲ್ಲ.