ಹೆಸರು ಕಳೆದ ಹಾಡುಗಳು

ಗ್ರಂಥಾಲಯದ ಸೂಚೀಪಟ್ಟಿ ಹರಿದುಹೋದರೆ ಪುಸ್ತಕಗಳೂ ಹೋದವೆನ್ನಬಹುದೆ? ಗಣಕದ ಡಿಸ್ಕಿನ ಸಂಗತಿಯೂ ಹೀಗೆಯೇ. ಹುತ್ರಿದುರ್ಗದ ತಪ್ಪಲಿನ ನಮ್ಮ ಮನೆಯಲ್ಲಿ ಹಳೆಯ ಗಣಕವೊಂದನ್ನೇ ಸರ್ವರ್ ಮಾಡಿ, ಅಜ್ಜಿ ಹಾಡಿದ ಸೋಬಾನೆ ಪದಗಳನ್ನೆಲ್ಲ ಅದರಲ್ಲಿ ಕೂಡಿಟ್ಟಿದ್ದೆವು. ಅಜ್ಜಿಗೆ ಅಕ್ಷರ ಬಾರದು. ಆಕೆಯ ವಿದ್ಯೆಗೆಲ್ಲ ಅದೊಂದೇ ಪುಸ್ತಕ. ಕಳೆದ ಮಳೆಗಾಲದಲ್ಲಿ ಕರೆಂಟು ನಾಲ್ಕಾರು ಸಲ ಹೋಗಿಬಂದು, ಡಿಸ್ಕು ತೆರೆಯದಾಯಿತು.

ಇಂಥಲ್ಲಿ ರಿಪೇರಿಗೆ ಮುಂಚೆ ನಕಲು ಮಾಡಿಕೊಳ್ಳಬೇಕು. ‘ಡಿಡಿರೆಸ್ಕ್ಯೂ’ ಎಂಬ ಸಾಧನದಿಂದ ಇಡೀ ಡಿಸ್ಕನ್ನು ಮತ್ತೊಂದಕ್ಕೆ ಇಳಿಸಿಕೊಂಡೆ. ‘ಇಎಕ್ಸ್‌ಟಿ4’ ಕಡತವ್ಯವಸ್ಥೆಯ ಮುಖ್ಯ ವಿವರವೆಲ್ಲ ‘ಸೂಪರ್‌ಬ್ಲಾಕ್’ ಎಂಬಲ್ಲಿರುತ್ತದೆ. ನಮ್ಮ ದುರ್ಗಕ್ಕೆ ಸುತ್ತಿನ ಮೇಲೆ ಸುತ್ತು ಕೋಟೆಯಿರುವಂತೆ ಅದಕ್ಕೂ ಹಲವು ಪ್ರತಿಗಳುಂಟು. ಮೊದಲನೆಯದು ಕೆಟ್ಟಿತ್ತು. 32768ನೆಯ ಬ್ಲಾಕಿನ ಪ್ರತಿಯನ್ನು ತೋರಿಸಿ, ನಕಲಿನ ಮೇಲೆ ‘ಎಫ್‌ಎಸ್‌ಸಿಕೆ’ ನಡೆಸಿದೆ.

ಹಾಡುಗಳು ಬಂದವು, ಹೆಸರುಗಳು ಬರಲಿಲ್ಲ. ನಂಟು ತಪ್ಪಿದ ಕಡತಗಳನ್ನು ಆ ಸಾಧನ ‘ಲಾಸ್ಟ್+ಫೌಂಡ್’ ಎಂಬ ಕೋಶದಲ್ಲಿ ಬರಿಯ ಅಂಕಿ ಹಚ್ಚಿ ಇಡುತ್ತದೆ. ಒಂದೊಂದನ್ನೂ ಅಜ್ಜಿಗೆ ಕೇಳಿಸಿದೆ. “ಇದು ಅರಿಶಿನದ್ದು ಕಣ್ ಮಗಾ, ಇದು ಹೆಣ್ಣೊಪ್ಪಿಸೋದು” ಎಂದು ಮೊದಲ ಸೊಲ್ಲಿಗೇ ಹೇಳುತ್ತ ಹೋದಳು.

ಮನೆಯಲ್ಲಿ ಬಿ.ಎ.ವರೆಗೆ ಬಂದವರಲ್ಲಿ ನಾನೇ ಮೊದಲು. ಆದರೆ ಆ ಸಂಜೆ ಹೇಳುವವಳು ಅಜ್ಜಿ, ಬರೆದುಕೊಳ್ಳುವ ಶಿಷ್ಯವೃತ್ತಿ ನನ್ನದು. ಈಗ ಹಾಡುಗಳ ಇನ್ನೊಂದು ಪ್ರತಿ ಅತ್ತೆಯ ಮನೆಯಲ್ಲಿದೆ, ಹೆಸರುಗಳು ನೋಟುಬುಕ್ಕಿನಲ್ಲಿವೆ.