ತಿದ್ದುವ ಮುನ್ನ ಬರೆದ ಅಂಕಿ

ಅನ್ಯ ಮೀಟರುಗಳ ತಪ್ಪನ್ನು ತೋರಿಸುವುದೇ ವೋಲ್ಟೇಜ್ ಕ್ಯಾಲಿಬ್ರೇಟರಿನ ಕಾಯಕ. ಅದರ ತಪ್ಪನ್ನು ತೋರಿಸುವವರಾರು?

ನನ್ನಲ್ಲಿರುವ ಹಳೆಯ ಕ್ಯಾಲಿಬ್ರೇಟರಿನ ಕೆಪಾಸಿಟರುಗಳು ಒಣಗಿದ್ದವು. ದುರಸ್ತಿಗೆ ಮುನ್ನ ಎರಡು ಗಂಟೆ ಚಾಲನೆಯಲ್ಲಿರಿಸಿ, 10 ವೋಲ್ಟಿಗಿಟ್ಟು, ಪ್ರಯೋಗಾಲಯದಲ್ಲಿ ಪರೀಕ್ಷಿತವಾದ ಮೀಟರಿಗೆ ಜೋಡಿಸಿದೆನು. ಮೀಟರು 10.00042 ಎಂದು ತೋರಿತು. ಹತ್ತು ಲಕ್ಷದಲ್ಲಿ 42 ಭಾಗದ ತಪ್ಪು.

ಕೆಪಾಸಿಟರು ಬದಲಿಸಿ, ಹೊಂದಾಣಿಕೆಯ ಸ್ಕ್ರೂವನ್ನು ತುಸು ತಿರುಗಿಸಿದರೆ ತಪ್ಪು ಅಳಿಯುತ್ತಿತ್ತು, ಅರಿಯುವವರಾರೂ ಇರಲಿಲ್ಲ. ಆದರೆ ಇದನ್ನೇ ನಂಬಿ ಹಲವರ ಮೀಟರುಗಳನ್ನು ತಿದ್ದಿಕೊಟ್ಟವನು ನಾನು. ತಿದ್ದಿದ ಮೇಲೆ ಹಳೆಯ ಅಂಕಿ ಮರಳಿ ದೊರೆಯದು. ಅವರ ಅಳತೆ ಎಷ್ಟು ತಪ್ಪಿತ್ತೆಂಬುದಕ್ಕೆ ಅದೊಂದೇ ಸಾಕ್ಷಿ.

ಆದಕಾರಣ ದಿನಾಂಕ, ಕೋಣೆಯ ಉಷ್ಣತೆಗಳೊಡನೆ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದೆನು, ಅವರೆಲ್ಲರಿಗೂ ತಿಳಿಸಿದೆನು. ಆ ಬಳಿಕವೇ ಸ್ಕ್ರೂವಿಗೆ ಕೈಯಿಟ್ಟೆನು.